ಚಕ್ರ ನೆಲ ಮುಟ್ಟಿದ ಮೇಲೆ: ಬಾಲಚಕ್ರದ ವಿಮಾನ ಏಕೆ ತಿರುಗಿಬೀಳುತ್ತದೆ

ವಿಮಾನ ನೆಲ ಮುಟ್ಟಿ ನಾಲ್ಕು ಸೆಕೆಂಡ್ ಆಗಿದೆ. ಇಳಿದದ್ದು ಚೆನ್ನಾಗಿಯೇ. ಮೂರೂ ಚಕ್ರ ಒಟ್ಟಿಗೆ ಕೂತವು, ಪುಟಿಯಲಿಲ್ಲ. ಪೈಲಟ್ ನಿರಾಳವಾಗಿ ಉಸಿರು ಬಿಟ್ಟ. ಅಷ್ಟರಲ್ಲಿ ಮೂಗು ಎಡಕ್ಕೆ ಒಂದಿಷ್ಟು ಸರಿಯಿತು, ಕಿಟಕಿಯಲ್ಲಿ ಎರಡು ಬೆರಳಿನಷ್ಟು. ಅವನು ಅದನ್ನು ನೋಡಿದ, ಬಲಗಾಲು ಒತ್ತಬೇಕು ಎಂದುಕೊಂಡ, ಒತ್ತಿದ. ತಡವಾಗಿತ್ತು. ಬಾಲ ಬಲಗಡೆಯಿಂದ ಬೀಸಿಕೊಂಡು ಮುಂದೆ ಬಂತು, ಬಲರೆಕ್ಕೆಯ ತುದಿ ಡಾಂಬರು ಕೆರೆಯಿತು, ಬಲಚಕ್ರದ ಕಾಲು ಹೊಟ್ಟೆಯಡಿಗೆ ಮಡಚಿಕೊಂಡಿತು, ಪ್ರೊಪೆಲರ್ ನೆಲಕ್ಕೆ ಬಡಿದು ನಿಂತಿತು. ಧೂಳು ಅಡಗಿದಾಗ ವಿಮಾನ ತಾನು ಬಂದ ದಾರಿಯನ್ನೇ ನೋಡುತ್ತ ಕೂತಿದೆ.

ಇದು ಯಾವುದೋ ಒಂದು ದಿನದ, ಒಬ್ಬ ಪೈಲಟ್‌ನ ಕಥೆಯಲ್ಲ. ಬಾಲದ ಕೆಳಗೆ ಪುಟ್ಟ ಚಕ್ರವಿರುವ ಸಣ್ಣ ವಿಮಾನಗಳು ಬಂದಾಗಿನಿಂದ ಇದೇ ಕಥೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ಮತ್ತೆ ಮತ್ತೆ ನಡೆದಿದೆ. ಪೈಲಟ್‌ಗಳು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಜೀವ ಹೋಗುವುದು ಅಪರೂಪ, ವೇಗ ಅಷ್ಟಿರುವುದಿಲ್ಲ. ಆದರೆ ಲೋಹಕ್ಕೂ ಮಾನಕ್ಕೂ ಬೀಳುವ ಪೆಟ್ಟು ಚಿಕ್ಕದಲ್ಲ. ರೆಕ್ಕೆಯ ತುದಿ, ಚಕ್ರದ ಕಾಲು, ಪ್ರೊಪೆಲರ್ ಇಷ್ಟೂ ಹೋಗುತ್ತವೆ. ಪ್ರೊಪೆಲರ್ ತಿರುಗುತ್ತಿರುವಾಗಲೇ ನೆಲಕ್ಕೆ ಬಡಿದಿದ್ದರೆ ಎಂಜಿನ್ನನ್ನೂ ಬಿಚ್ಚಿ ಒಳಗೆ ನೋಡಬೇಕಾಗುತ್ತದೆ, ಹೊರಗೆ ಏನೂ ಕಾಣದಿದ್ದರೂ.

ಪೈಲಟ್ ಸೋಮಾರಿಯಾಗಿದ್ದನೇ? ಇರಬಹುದು. ಆದರೆ ಅವನು ಅಷ್ಟೇ ಸೋಮಾರಿಯಾಗಿ ಮೂಗಿನ ಕೆಳಗೆ ಚಕ್ರವಿರುವ ವಿಮಾನವನ್ನು ಇಳಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆ ವಿಮಾನ ತಾನಾಗಿಯೇ ನೆಟ್ಟಗಾಗುತ್ತಿತ್ತು. ಬಾಲಚಕ್ರದ್ದು ತಾನಾಗಿಯೇ ಸೊಟ್ಟಗಾಗುತ್ತದೆ. ಈ ಒಂದು ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂದು ಹಿಡಿದುಕೊಂಡರೆ ಉಳಿದದ್ದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ತೂಕ ಎಲ್ಲಿದೆ, ಚಕ್ರ ಎಲ್ಲಿದೆ

ವಿಮಾನದ ಅಷ್ಟೂ ತೂಕ ಒಂದೇ ಬಿಂದುವಿನಲ್ಲಿ ಸೇರಿಕೊಂಡಿದೆ ಎಂದು ಭಾವಿಸಬಹುದಾದ ಜಾಗಕ್ಕೆ ಗುರುತ್ವ ಕೇಂದ್ರ ಎನ್ನುತ್ತೇವೆ. ಸಣ್ಣ ವಿಮಾನದಲ್ಲಿ ಅದು ಸುಮಾರಾಗಿ ಪೈಲಟ್ ಕೂರುವ ಆಸುಪಾಸಿನಲ್ಲೇ ಇರುತ್ತದೆ. ಮೂಗುಚಕ್ರದ ವಿಮಾನದಲ್ಲಿ ಎರಡು ದೊಡ್ಡ ಚಕ್ರಗಳು ಈ ಬಿಂದುವಿಗಿಂತ ಸ್ವಲ್ಪ ಹಿಂದೆ ಇರುತ್ತವೆ. ಬಾಲಚಕ್ರದ ವಿಮಾನದಲ್ಲಿ ಸ್ವಲ್ಪ ಮುಂದೆ. ವ್ಯತ್ಯಾಸ ಇಷ್ಟೇ.

ಓಡುತ್ತಿರುವ ವಿಮಾನದ ಮೂಗು ಯಾವುದೋ ಕಾರಣಕ್ಕೆ ಎಡಕ್ಕೆ ತಿರುಗಿತು ಎನ್ನಿ. ತೂಕ ಮಾತ್ರ ಮೊದಲು ಹೋಗುತ್ತಿದ್ದ ದಿಕ್ಕಿಗೇ, ನೇರವಾಗಿ ಮುಂದಕ್ಕೆ ಹೋಗಲು ನೋಡುತ್ತದೆ. ಟೈರುಗಳು ಈಗ ಓರೆಯಾಗಿವೆ. ಅಡ್ಡಡ್ಡ ಉಜ್ಜುತ್ತ ನೆಲವನ್ನು ಹಿಡಿದುಕೊಂಡು ವಿಮಾನವನ್ನು ಎಡಕ್ಕೆ ತಳ್ಳುತ್ತವೆ. ಈ ತಳ್ಳಾಟ ತೂಕದ ಹಿಂದೆ ನಡೆದರೆ ಬಾಲ ಎಡಕ್ಕೆ ಹೋಗಿ ಮೂಗು ಬಲಕ್ಕೆ ಬರುತ್ತದೆ, ತಪ್ಪು ತಾನಾಗಿಯೇ ತಿದ್ದಿಕೊಳ್ಳುತ್ತದೆ. ಮೂಗುಚಕ್ರದ ವಿಮಾನದ ಹಿತ ಇದು. ಅದೇ ತಳ್ಳಾಟ ತೂಕದ ಮುಂದೆ ನಡೆದರೆ ಮೂಗು ಇನ್ನಷ್ಟು ಎಡಕ್ಕೆ ಹೋಗುತ್ತದೆ. ಮೂಗು ಹೆಚ್ಚು ತಿರುಗಿದಷ್ಟೂ ಟೈರು ಹೆಚ್ಚು ಓರೆ, ಟೈರು ಓರೆಯಾದಷ್ಟೂ ತಳ್ಳಾಟ ಹೆಚ್ಚು. ತಪ್ಪು ತನ್ನನ್ನು ತಾನೇ ಸಾಕಿಕೊಳ್ಳುತ್ತದೆ.

ಬಾಣವನ್ನು ಗರಿ ಮುಂದಾಗಿ ಎಸೆದು ನೋಡಿ, ಗಾಳಿಯಲ್ಲೇ ಅದು ಮೊನೆ ಮುಂದಾಗಿ ತಿರುಗಿಕೊಳ್ಳುತ್ತದೆ. ಬಾಲಚಕ್ರದ ವಿಮಾನ ನೆಲದ ಮೇಲೆ ಓಡುವಾಗ ಹಿಂದುಮುಂದಾದ ಬಾಣ. ಭಾರವಾದ ತುದಿ ಮುಂದೆ ಹೋಗಬೇಕೆಂದು ಸದಾ ಹೊಂಚು ಹಾಕುತ್ತಿರುತ್ತದೆ. ನನಗೆ ಇನ್ನೂ ಹತ್ತಿರದ ಹೋಲಿಕೆ ಎನಿಸುವುದು ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ. ಕೋಲು ಇನ್ನೂ ಕೂದಲೆಳೆಯಷ್ಟು ವಾಲಿದಾಗಲೇ ಕೈ ಸರಿದಿರಬೇಕು. ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ವಾಲಿದ ಮೇಲೆ ಕೈ ಎಷ್ಟು ಓಡಿದರೂ ಕೋಲು ಬೀಳುವುದೇ. ಆಟ ಬಲದ್ದಲ್ಲ, ಸಮಯದ್ದು. ಮೊದಲ ಪ್ಯಾರಾದ ಪೈಲಟ್ ಸರಿಯಾದ ಕಾಲನ್ನೇ ಒತ್ತಿದ್ದ, ಅರ್ಧ ಸೆಕೆಂಡ್ ತಡವಾಗಿ.

ಹಾಗಾದರೆ ಚಕ್ರಗಳನ್ನು ತೂಕದ ಕೇಂದ್ರಕ್ಕೆ ತೀರಾ ಹತ್ತಿರ ತಂದಿಟ್ಟರೆ ಈ ಕಾಟ ಕಡಿಮೆಯಾಗುವುದಿಲ್ಲವೇ? ಆಗುತ್ತದೆ. ಆದರೆ ಆಗ ಬ್ರೇಕ್ ಒತ್ತಿದರೆ ವಿಮಾನ ಮುಗ್ಗರಿಸಿ ಮೂಗಿನ ಮೇಲೆ ನಿಲ್ಲುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಗಿಡ್ಡವಾಗುವ ಹೊದಿಕೆಯಂಥ ಸಮಸ್ಯೆ ಇದು. ವಿಮಾನದ ವಿನ್ಯಾಸಕರು ವಿಮಾನವನ್ನು ಮಟ್ಟಸವಾಗಿಟ್ಟು, ಗುರುತ್ವ ಕೇಂದ್ರದಿಂದ ಚಕ್ರ ನೆಲ ಮುಟ್ಟುವ ಜಾಗಕ್ಕೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆ ನೇರ ಲಂಬದಿಂದ ಸುಮಾರು 16ರಿಂದ 25 ಡಿಗ್ರಿ ಮುಂದಕ್ಕೆ ಓರೆಯಾಗಿರಲಿ ಎಂಬುದು ರೂಢಿಯ ಲೆಕ್ಕ. ಇದಕ್ಕಿಂತ ಕಡಿಮೆಯಾದರೆ ಮುಗ್ಗರಿಸುವ ಭಯ, ಹೆಚ್ಚಾದರೆ ಸುತ್ತಿಬೀಳುವ ಭಯ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಬಂದ ಸೆಸ್ನಾ 120 ಮತ್ತು 140 ಈ ಇಕ್ಕಟ್ಟಿಗೆ ಒಳ್ಳೆಯ ಉದಾಹರಣೆ. ಜೋರಾಗಿ ಬ್ರೇಕ್ ಹಾಕಿದವರು ಮೂಗು ಕುಟ್ಟಿಸಿಕೊಳ್ಳತೊಡಗಿದಾಗ ಚಕ್ರಗಳನ್ನು ಕೆಲವು ಇಂಚು ಮುಂದಕ್ಕೆ ಸರಿಸುವ ಜೋಡಣೆಯೊಂದು ಬಂತು. ಮುಗ್ಗರಿಸುವುದು ಕಡಿಮೆಯಾಯಿತು, ಜೊತೆಗೆ ಬಾಲ ಭಾರವಾಯಿತು, ಸುತ್ತುವ ಚಾಳಿ ಹೆಚ್ಚಾಯಿತು. ಮುಂದೆ ಅನೇಕ ಮಾಲೀಕರು ಅದನ್ನು ಕಳಚಿಟ್ಟರು.

ಮೊದಲು ಹೀಗಿರಲಿಲ್ಲ

ಇಷ್ಟು ತೊಂದರೆಯ ಜೋಡಣೆಯನ್ನು ಹಿಂದಿನವರು ಯಾಕಾದರೂ ಇಟ್ಟುಕೊಂಡರು ಎಂಬ ಪ್ರಶ್ನೆ ಸಹಜ. ಉತ್ತರ ವಿಮಾನದಲ್ಲಿಲ್ಲ, ನೆಲದಲ್ಲಿದೆ. ಆಗಿನ ವಿಮಾನ ನಿಲ್ದಾಣವೆಂದರೆ ದೊಡ್ಡದೊಂದು ಹುಲ್ಲುಬಯಲು. ರನ್‌ವೇ ಎಂಬ ಗೆರೆಯೇ ಇರಲಿಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ಮುಖ ಮಾಡಿ ಇಳಿದರಾಯಿತು, ಅಡ್ಡಗಾಳಿಯ ಮಾತೇ ಬರುತ್ತಿರಲಿಲ್ಲ. ಹುಲ್ಲಿನ ಮೇಲೆ ಟೈರು ಅಡ್ಡಕ್ಕೆ ಜಾರುತ್ತದೆ, ಗಟ್ಟಿಯಾಗಿ ಕಚ್ಚಿ ಹಿಡಿಯುವುದಿಲ್ಲ. ಸಾಲದ್ದಕ್ಕೆ ಬಾಲದಲ್ಲಿ ಚಕ್ರದ ಬದಲು ಕೊಕ್ಕೆಯಂಥ ಒಂದು ಊರುಗಾಲು ಇರುತ್ತಿತ್ತು. ಅದು ಮಣ್ಣನ್ನು ಗೀರುತ್ತ ಬಾಲವನ್ನು ಹಿಂದಕ್ಕೆ ಎಳೆದು ಹಿಡಿಯುತ್ತಿತ್ತು. ಲಂಗರು ಎಳೆದುಕೊಂಡು ಹೋಗುವ ದೋಣಿ ಸುತ್ತುವುದಾದರೂ ಹೇಗೆ? 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿ ಪ್ಯಾರಿಸ್ ಬಳಿಯ ಲೆ ಬೂರ್ಜೆಯಲ್ಲಿ ರಾತ್ರಿ ಇಳಿದದ್ದು ಇಂಥದೇ ಬಾಲದ ಊರುಗಾಲಿನ ಮೇಲೆ. ಆ ವಿಮಾನಕ್ಕೆ ಮುಂದೆ ನೋಡಲು ಕಿಟಕಿಯೇ ಇರಲಿಲ್ಲ, ಅಲ್ಲಿ ಪೆಟ್ರೋಲ್ ಟ್ಯಾಂಕ್ ಕೂತಿತ್ತು.

ಆಮೇಲೆ ಡಾಂಬರು, ಕಾಂಕ್ರೀಟು ಬಂದವು. ರನ್‌ವೇ ಒಂದು ಗೆರೆಯಾಯಿತು, ಗಾಳಿ ಮಾತ್ರ ಗೆರೆಯನ್ನು ಕೇಳಿ ಬೀಸಲಿಲ್ಲ. ಊರುಗಾಲು ಹೋಗಿ ಚಕ್ರ ಬಂತು, ಬ್ರೇಕ್ ಬಂತು. ವಿಮಾನದ ಚಾಳಿ ಮೊದಲಿನಿಂದಲೂ ಇದ್ದದ್ದೇ, ಅದನ್ನು ಕ್ಷಮಿಸುತ್ತಿದ್ದ ನೆಲ ಹೋಯಿತು. 1951ರಲ್ಲಿ ಪೈಪರ್ ಕಂಪನಿ ತನ್ನ ಪೇಸರ್ ವಿಮಾನಕ್ಕೆ ಮೂಗುಚಕ್ರ ಹಾಕಿ ಟ್ರೈ-ಪೇಸರ್ ಮಾಡಿತು. 1956ರಲ್ಲಿ ಸೆಸ್ನಾ ತನ್ನ 170 ಮಾದರಿಯನ್ನು ಮೂಗುಚಕ್ರದ 172 ಆಗಿಸಿ ಮಾರುಕಟ್ಟೆಗೆ ಬಿಟ್ಟಿತು, ಚಕ್ರದ ಆ ಜೋಡಣೆಗೆ ಲ್ಯಾಂಡ್-ಓ-ಮ್ಯಾಟಿಕ್ ಎಂದು ಹೆಸರಿಟ್ಟು ಜಾಹೀರಾತು ಮಾಡಿತು. ಹೆಸರಿನಲ್ಲಿ ಸ್ವಲ್ಪ ಬಡಾಯಿಯಿದೆ, ಆದರೆ ಸುಳ್ಳಿಲ್ಲ. ಜನ 172ರ ಕಡೆ ವಾಲಿದರು. ಇವತ್ತು ಹಾರಾಟ ಕಲಿಯುವ ಬಹುತೇಕರು ಮೂಗುಚಕ್ರದ ಮೇಲೆಯೇ ಕಲಿಯುತ್ತಾರೆ. ಹಾಗೆ ಕಲಿತ ಕಾಲುಗಳಿಗೆ ನೆಲದ ಮೇಲೆ ಸುಮ್ಮನಿರುವ ಅಭ್ಯಾಸ. ಅದೇ ಕಾಲುಗಳನ್ನು ಹೊತ್ತುಕೊಂಡು ಬಾಲಚಕ್ರದ ವಿಮಾನ ಹತ್ತಿದಾಗ ಫಜೀತಿ ಶುರು.

ಒರಟು ನೆಲದಲ್ಲಿ, ನದಿಯ ದಡದ ಕಲ್ಲುಗಳ ಮೇಲೆ ಇಳಿಯುವವರು ಇವತ್ತಿಗೂ ಬಾಲಚಕ್ರವನ್ನು ಬಿಟ್ಟಿಲ್ಲ. ಗುಂಡಿಗೆ ಸಿಕ್ಕಿ ಮುರಿಯಲು ಮೂಗಿನಡಿ ತೆಳ್ಳನೆಯ ಕಾಲಿಲ್ಲ, ಪ್ರೊಪೆಲರ್ ನೆಲದಿಂದ ಎತ್ತರದಲ್ಲಿರುತ್ತದೆ, ತೂಕವೂ ಕಡಿಮೆ. ಅಲಾಸ್ಕಾದಲ್ಲಿ ಸೂಪರ್ ಕಬ್ ಎಂಬ ಬಾಲಚಕ್ರದ ವಿಮಾನಗಳು ಇನ್ನೂ ದುಡಿಯುತ್ತಿರುವುದು ಹಳೆಯದರ ಮೋಹದಿಂದಲ್ಲ.

ಒಂದು ಇಳಿತ, ಹತ್ತಿರದಿಂದ

ಪೈಪರ್ ಜೆ-3 ಕಬ್‌ನ ಹಿಂದಿನ ಸೀಟಿನಲ್ಲಿ ಕೂತಿದ್ದೇವೆ ಎಂದುಕೊಳ್ಳೋಣ. ಒಬ್ಬರೇ ಹಾರಿಸುವಾಗ ಕೂರಬೇಕಾದದ್ದು ಹಿಂದೆಯೇ. 65 ಅಶ್ವಶಕ್ತಿಯ ಎಂಜಿನ್, ಎಲ್ಲ ಸೇರಿ ಗರಿಷ್ಠ ಸುಮಾರು 550 ಕಿಲೋ ತೂಕ. ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ರೆಕ್ಕೆ ಹಾರುವುದನ್ನು ಬಿಡುತ್ತದೆ. ಸ್ಕೂಟರಿನ ವೇಗ, ಇದರಲ್ಲೇನಿದೆ ಅನ್ನಿಸಬಹುದು. ಎಡದಿಂದ 10 ನಾಟ್ ಅಡ್ಡಗಾಳಿ ಇದೆ.

10 ನಾಟ್ ಎಂದರೆ ಸೆಕೆಂಡಿಗೆ ಸುಮಾರು 5 ಮೀಟರ್. ನಾವು ಏನೂ ಮಾಡದಿದ್ದರೆ ಗಾಳಿ ನಮ್ಮನ್ನು ಅಷ್ಟೇ ವೇಗದಲ್ಲಿ ಬಲಕ್ಕೆ ಒಯ್ಯುತ್ತದೆ. ರನ್‌ವೇ 18 ಮೀಟರ್ ಅಗಲವಿದ್ದರೆ ನಡುಗೆರೆಯಿಂದ ಅಂಚಿಗೆ 9 ಮೀಟರ್, ಅಂದರೆ ಎರಡು ಸೆಕೆಂಡೂ ಇಲ್ಲ. ಆದ್ದರಿಂದ ಎಡರೆಕ್ಕೆಯನ್ನು ಗಾಳಿಯ ಕಡೆಗೆ ತಗ್ಗಿಸಿ, ಬಲ ಪೆಡಲ್‌ನಿಂದ ಮೂಗನ್ನು ರನ್‌ವೇಗೆ ನೇರವಾಗಿ ಹಿಡಿದು ಬರುತ್ತೇವೆ. ಹೀಗೆ ಬಂದರೆ ಎಡಚಕ್ರ ಮೊದಲು ಮುಟ್ಟುತ್ತದೆ, ಆಮೇಲೆ ಬಲದ್ದು. ನೋಡುವವರಿಗೆ ಕುಂಟುತ್ತ ಇಳಿದಂತೆ ಕಾಣುತ್ತದೆ. ಅದೇ ಸರಿಯಾದ ಇಳಿತ.

ಈಗ ಅದರಲ್ಲಿ ಒಂದು ಚೂರು ತಪ್ಪಲಿ. ಮುಟ್ಟುವ ಗಳಿಗೆಯಲ್ಲಿ ರೆಕ್ಕೆ ಬೇಗ ಮಟ್ಟವಾಯಿತು, ವಿಮಾನ ನಿಧಾನವಾಗಿ ಬಲಕ್ಕೆ ಜಾರುತ್ತಲೇ ನೆಲಕ್ಕೆ ತಾಗಿತು. ಟೈರು ಡಾಂಬರನ್ನು ಹಿಡಿದುಕೊಳ್ಳುತ್ತದೆ, ಬಲಕ್ಕೆ ಹೋಗುತ್ತಿರುವುದನ್ನು ತಡೆಯಲು ಎಡಕ್ಕೆ ತಳ್ಳುತ್ತದೆ. ತಳ್ಳಾಟ ತೂಕದ ಮುಂದಿದೆ, ಮೂಗು ಎಡಕ್ಕೆ ಹೊರಳುತ್ತದೆ. ಇತ್ತ ಗಾಳಿ ಎಡದಿಂದ ಬಾಲದ ದೊಡ್ಡ ಪಟ್ಟಿಯನ್ನು ಬಲಕ್ಕೆ ನೂಕುತ್ತಿದೆ, ಅದರಿಂದಲೂ ಮೂಗು ಎಡಕ್ಕೇ. ಎರಡು ಬೇರೆ ಬೇರೆ ಕಾರಣಗಳು ಒಂದೇ ಕಡೆ ಕೈಜೋಡಿಸಿದವು. ಇಲ್ಲೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ: ಗ್ರೌಂಡ್ ಲೂಪ್ ನೆಲದ ಮೇಲೆ ಕಾಣುತ್ತದೆಯಾದರೂ ಬಹಳಷ್ಟು ಸಲ ಅದರ ಬೀಜ ಬೀಳುವುದು ಚಕ್ರ ಇನ್ನೂ ಗಾಳಿಯಲ್ಲಿರುವಾಗಲೇ. ಅಡ್ಡಕ್ಕೆ ಜಾರದೆ, ಮೂಗು ಸೊಟ್ಟವಾಗದೆ ಮುಟ್ಟಿದ ವಿಮಾನ ಆಮೇಲೆ ಕಾಲಿಗೆ ಕೊಡುವ ಕೆಲಸ ಚಿಕ್ಕದು.

ವೇಗ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ. ಗಂಟೆಗೆ 40 ಕಿ.ಮೀ. ವೇಗದಲ್ಲಿ 15 ಮೀಟರ್ ತ್ರಿಜ್ಯದ ತಿರುವಿಗೆ ಸಿಕ್ಕಿದರೆ ವಿಮಾನವನ್ನು ಹೊರಕ್ಕೆ ಎಳೆಯುವ ಬಲ ಅದರ ತೂಕದ ಶೇ. 80ಕ್ಕೂ ಹೆಚ್ಚು. 550 ಕಿಲೋ ವಿಮಾನದ ಪಕ್ಕೆಗೆ ಸುಮಾರು 450 ಕಿಲೋ ಜೋತುಬಿದ್ದ ಹಾಗೆ. ಆ ಭಾರವೆಲ್ಲ ಹೊರಗಿನ ಚಕ್ರದ ಮೇಲೆ, ಅದೂ ಪಕ್ಕದಿಂದ. ಆ ಕಾಲನ್ನು ಮಾಡಿರುವುದು ಮೇಲಿನಿಂದ ಬರುವ ಪೆಟ್ಟನ್ನು ತಡೆಯಲು. ಮೊದಲಿನ ದೃಶ್ಯದಲ್ಲಿ ಅದು ಒಳಕ್ಕೆ ಮಡಚಿದ್ದು ಇದಕ್ಕೇ. ಅದೇ ತಿರುವು 20 ಕಿ.ಮೀ. ವೇಗದಲ್ಲಿ ಆದರೆ ಬಲ ನಾಲ್ಕರಲ್ಲಿ ಒಂದು ಪಾಲು. ವಿಮಾನ ಸುತ್ತುತ್ತದೆ, ನಿಲ್ಲುತ್ತದೆ, ನೋಡಿದವರು ನಗುತ್ತಾರೆ, ಅಷ್ಟೇ. ಹಾಗಾಗಿ ಅಗತ್ಯಕ್ಕಿಂತ ಹೆಚ್ಚು ವೇಗ ಹೊತ್ತು ಬರುವುದು ಬಾಲಚಕ್ರಕ್ಕೆ ದುಬಾರಿ. 60ರ ಬದಲು 75ರಲ್ಲಿ ಮುಟ್ಟಿದರೆ ಕರಗಿಸಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಇನ್ನು ವಿಮಾನ ಓಡುತ್ತ ನಿಧಾನವಾಗುವ ಹಂತ. ಎಲ್ಲ ವಾಹನಗಳೂ ನಿಧಾನವಾದಷ್ಟು ಹಿಡಿತಕ್ಕೆ ಸಿಗುತ್ತವೆ, ಇದು ಹಾಗಲ್ಲ. ಪೆಡಲ್ ಒತ್ತಿದಾಗ ಬಾಲದಲ್ಲಿ ಎಡಬಲಕ್ಕೆ ಹೊರಳುವ ಹಲಗೆಯೇ ರಡ್ಡರ್. ಅದು ಕೆಲಸ ಮಾಡುವುದು ಗಾಳಿಯಿಂದ, ಗಾಳಿಯ ವೇಗ ಅರ್ಧವಾದರೆ ರಡ್ಡರಿನ ಬಲ ಕಾಲುಭಾಗ. ಬಾಲ ಕೆಳಗಿದ್ದಾಗ ವಿಮಾನದ ಮೈಯೇ ಅಡ್ಡಬಂದು ರಡ್ಡರಿಗೆ ಹೋಗುವ ಗಾಳಿಯನ್ನು ಇನ್ನಷ್ಟು ಕೆಡಿಸುತ್ತದೆ. ಬಾಲಚಕ್ರ ಸ್ಪ್ರಿಂಗುಗಳ ಮೂಲಕ ಪೆಡಲಿಗೆ ಕಟ್ಟಿಕೊಂಡಿದೆ, ನಿಜ, ಆದರೆ ನೆಲಕ್ಕೆ ಒತ್ತಿಕೊಂಡಿದ್ದರೆ ಮಾತ್ರ ಅದರಿಂದ ಉಪಯೋಗ. ಅದಕ್ಕೇ ಇಳಿದ ಮೇಲೆ ಸ್ಟಿಕ್ಕನ್ನು, ಅಂದರೆ ಕೈಯಲ್ಲಿ ಹಿಡಿದು ವಿಮಾನ ನಡೆಸುವ ಕೋಲನ್ನು, ಹೊಟ್ಟೆಗೆ ತಾಗುವಷ್ಟು ಹಿಂದಕ್ಕೆ ಎಳೆದು ಹಿಡಿಯುವುದು, ಬಾಲ ನೆಲಕ್ಕೆ ಅಂಟಿರಲಿ ಎಂದು. ಇಳಿಯಿತಲ್ಲ ಎಂದು ಕೈ ಸಡಿಲಿಸಿದರೆ ಇರುವ ಒಂದು ಚುಕ್ಕಾಣಿಯೂ ಹಗುರವಾಗುತ್ತದೆ. ರಡ್ಡರ್ ಸೋತು ಬ್ರೇಕ್ ಇನ್ನೂ ಕೈಗೆ ಬಾರದ ಈ ನಡುವಣ ಕೆಲವು ಸೆಕೆಂಡುಗಳಲ್ಲೇ ಬಹಳ ಮಂದಿ ಸಿಕ್ಕಿಬೀಳುವುದು.

ಎಡಗಾಳಿಗೆ ಸ್ಟಿಕ್ಕನ್ನು ಎಡಕ್ಕೂ ಹಿಡಿಯಬೇಕು, ವೇಗ ಇಳಿದಷ್ಟೂ ಹೆಚ್ಚು. ಗಾಳಿ ಎಡರೆಕ್ಕೆಯನ್ನು ಎತ್ತದಿರಲಿ ಎಂಬುದು ಒಂದು ಕಾರಣ. ಇನ್ನೊಂದು ಅಷ್ಟಾಗಿ ಯಾರೂ ಹೇಳದ್ದು: ಹಾಗೆ ಹಿಡಿದಾಗ ಬಲರೆಕ್ಕೆಯ ಏಲೆರಾನ್, ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆ, ಕೆಳಕ್ಕೆ ಇಳಿದು ಗಾಳಿಗೆ ತಡೆಯೊಡ್ಡುತ್ತದೆ, ಆ ತಡೆ ಮೂಗನ್ನು ಬಲಕ್ಕೆ ಎಳೆಯುತ್ತದೆ. ನಮಗೆ ಬೇಕಾದದ್ದೂ ಅದೇ.

ಕಣ್ಣು ಎಲ್ಲಿರಬೇಕು? ಬಾಲ ಕೆಳಗಾದ ಕೂಡಲೇ ಮೂಗು ಮೇಲೆದ್ದು ರನ್‌ವೇಯನ್ನೇ ಮುಚ್ಚಿಬಿಡುತ್ತದೆ. ಹೊಸಬರು ಕತ್ತು ಒಂದು ಬದಿಗೆ ಚಾಚಿ ಹತ್ತಿರದ ಅಂಚನ್ನು ನೋಡುತ್ತಾರೆ, ಆಗ ವಿಮಾನವೂ ಮೆಲ್ಲಗೆ ಆ ಕಡೆಗೇ ಹೋಗುತ್ತದೆ. ಪಳಗಿದವರು ದೂರದ ತುದಿಯತ್ತ ದೃಷ್ಟಿ ಇಟ್ಟು, ಎಡಬಲದ ಎರಡೂ ಅಂಚುಗಳನ್ನು ಕಣ್ಣಂಚಿನಲ್ಲೇ ಹಿಡಿದುಕೊಳ್ಳುತ್ತಾರೆ. ಎರಡರಲ್ಲಿ ಒಂದು ಅಗಲವಾಯಿತೋ, ಮೂಗು ಸರಿಯಿತು ಎಂದರ್ಥ. ಕಾಲು ಅಷ್ಟರಲ್ಲಿ ಮಿಡಿದಿರುತ್ತದೆ. ಪೆಡಲನ್ನು ಒತ್ತಿ ಹಿಡಿಯುವುದಿಲ್ಲ. ಚುಟುಕಾಗಿ ಒತ್ತಿ, ಬಿಟ್ಟು, ಇನ್ನೊಂದನ್ನು ಒತ್ತಿ ಬಿಡುತ್ತಾರೆ, ತಬಲದ ಮೇಲೆ ಬೆರಳಾಡಿದ ಹಾಗೆ. ಒಂದು ಕಡೆ ಮೂಗು ತಿರುಗುವುದನ್ನು ನಿಲ್ಲಿಸಲು ಒತ್ತಿದ ಪೆಡಲನ್ನು ಮೂಗು ನಿಂತ ಮೇಲೂ ಹಿಡಿದಿದ್ದರೆ ಅದೇ ಎದುರು ದಿಕ್ಕಿನ ಸುತ್ತಿಗೆ ಮೊದಲಾಗುತ್ತದೆ. ಎರಡನೆಯ ಸುತ್ತು ಮೊದಲನೆಯದಕ್ಕಿಂತ ಜೋರು.

ಪುಟಿತ

ಬಾಲಚಕ್ರದ ಇನ್ನೊಂದು ಕುಖ್ಯಾತಿ ಕಪ್ಪೆಯಂತೆ ಕುಪ್ಪಳಿಸುವುದು. ಜನ ಇದನ್ನು ಚಕ್ರದ ಕಾಲಿನ ಸ್ಪ್ರಿಂಗಿನ ತಲೆಗೆ ಕಟ್ಟುತ್ತಾರೆ. ಸ್ಪ್ರಿಂಗಿನ ಪಾಲು ಸ್ವಲ್ಪ ಇದೆ, ದೊಡ್ಡ ಪಾಲು ಮತ್ತೆ ಅದೇ ತೂಕದ ಜಾಗದ್ದು. ಮುಂದಿನ ಎರಡು ಚಕ್ರಗಳು ಜೋರಾಗಿ ನೆಲಕ್ಕೆ ಬಡಿದು ನಿಂತವು, ಅವುಗಳ ಹಿಂದಿರುವ ತೂಕ ಕೆಳಕ್ಕೆ ಹೋಗುತ್ತಲೇ ಇದೆ. ಬಾಲ ಕುಸಿಯುತ್ತದೆ, ಮೂಗು ಏಳುತ್ತದೆ. ಮೂಗು ಎದ್ದರೆ ರೆಕ್ಕೆ ಗಾಳಿಗೆ ಹೆಚ್ಚು ಕೋನದಲ್ಲಿ ತೆರೆದುಕೊಳ್ಳುತ್ತದೆ, ಎತ್ತುವ ಬಲ ಹೆಚ್ಚುತ್ತದೆ. ವಿಮಾನ ಮತ್ತೆ ಹಾರಿತು! ಮೂಗುಚಕ್ರದ ವಿಮಾನದಲ್ಲಿ ಇದರ ಉಲ್ಟಾ, ಬಡಿದ ಕೂಡಲೇ ಮೂಗು ತಗ್ಗಿ ಎತ್ತುವ ಬಲ ಕಡಿಮೆಯಾಗಿ ವಿಮಾನ ಕೂತುಬಿಡುತ್ತದೆ.

ಪುಟಿದದ್ದು ಅಪಘಾತವಲ್ಲ. ಪುಟಿದಾಗ ಗಾಬರಿಯಾಗಿ ಸ್ಟಿಕ್ ಮುಂದಕ್ಕೆ ತಳ್ಳುವುದು ಅಪಘಾತ. ಕೈ ತಳ್ಳಿ ವಿಮಾನ ಬಾಗುವಷ್ಟರಲ್ಲಿ ಅದು ಹೇಗೂ ಕೆಳಗೆ ಬರುತ್ತಿರುತ್ತದೆ, ಎರಡೂ ಸೇರಿ ಮೊದಲಿಗಿಂತ ಬಲವಾಗಿ ಬಡಿಯುತ್ತದೆ, ಮೊದಲಿಗಿಂತ ಎತ್ತರ ಪುಟಿಯುತ್ತದೆ. ಮೂರನೇ ಸಲಕ್ಕೆ ಸಾಮಾನ್ಯವಾಗಿ ಏನಾದರೂ ಮುರಿಯುತ್ತದೆ. ಸಣ್ಣ ಪುಟಿತಕ್ಕೆ ಇಳಿಯುವ ಭಂಗಿಯನ್ನೇ ಹಿಡಿದು, ಬೇಕಿದ್ದರೆ ಒಂದು ಚಿಟಿಕೆ ಥ್ರಾಟಲ್ ಕೊಟ್ಟು ಮತ್ತೆ ಮೆತ್ತಗೆ ಇಳಿಸಬಹುದು. ದೊಡ್ಡದಾದರೆ ಪೂರ್ತಿ ಥ್ರಾಟಲ್ ಕೊಟ್ಟು ಮೇಲೆ ಹೋಗಿ ಇನ್ನೊಂದು ಸುತ್ತು ಬರುವುದೇ ಸರಿ. ಇಳಿದೇ ತೀರಬೇಕೆಂಬ ಹಟ ಇಲ್ಲಿ ಯಾರಿಗೂ ಒಳ್ಳೆಯದು ಮಾಡಿಲ್ಲ.

ಮೂರು ಚಕ್ರ ಒಟ್ಟಿಗೆ ಕೂರಿಸುವುದೋ, ಬಾಲ ಎತ್ತಿಕೊಂಡೇ ಮುಂದಿನ ಎರಡರ ಮೇಲೆ ಇಳಿಯುವುದೋ ಎಂಬುದು ಬಾಲಚಕ್ರದವರ ನಡುವಿನ ಅತ್ತೆ ಸೊಸೆ ಜಗಳ. ಮೂರರ ಮೇಲೆ ಇಳಿದರೆ ವೇಗ ಕನಿಷ್ಠ, ರೆಕ್ಕೆಯಲ್ಲಿ ಹಾರುವ ಹುರುಪು ಹೆಚ್ಚು ಉಳಿದಿರುವುದಿಲ್ಲ. ಎರಡರ ಮೇಲೆ ಇಳಿದರೆ ಮುಂದಿನ ನೋಟ ಚೆನ್ನಾಗಿರುತ್ತದೆ, ಗಾಳಿ ರಭಸವಾಗಿದ್ದಾಗ ರಡ್ಡರಿಗೆ ಕಸುವಿರುತ್ತದೆ, ಮುಟ್ಟಿದ ತಕ್ಷಣ ಸ್ಟಿಕ್ಕನ್ನು ಕೊಂಚ ಮುಂದೊತ್ತಿ ಚಕ್ರಗಳನ್ನು ನೆಲಕ್ಕೆ ಅಂಟಿಸಬಹುದು. ಆದರೆ ವೇಗ ಜಾಸ್ತಿ, ಮತ್ತು ಬಾಲ ಎಂದಾದರೂ ಕೆಳಗೆ ಬರಲೇಬೇಕು. ಆ ಕಷ್ಟದ ಸೆಕೆಂಡುಗಳನ್ನು ಇದು ತಪ್ಪಿಸುವುದಿಲ್ಲ, ಮುಂದೂಡುತ್ತದೆ. ಎರಡನ್ನೂ ಕಲಿತಿರಬೇಕು ಎನ್ನುವವರ ಮಾತು ನನಗೆ ಸರಿಯೆನಿಸುತ್ತದೆ. ಯಾವುದು ಎಂಬುದನ್ನು ಆ ದಿನದ ಗಾಳಿ ಮತ್ತು ಆ ವಿಮಾನ ಹೇಳುತ್ತವೆ.

ಎಲ್ಲ ತಪ್ಪೂ ಪೈಲಟ್‌ನದೇ ಅಲ್ಲ. ಬಾಲಚಕ್ರದ ಸ್ಪ್ರಿಂಗ್ ಸಡಿಲವಾಗಿದ್ದರೆ ಪೆಡಲ್ ಒತ್ತಿದ್ದು ಚಕ್ರಕ್ಕೆ ತಡವಾಗಿ ತಲುಪುತ್ತದೆ. ಒಂದು ಕಡೆಯ ಬ್ರೇಕ್ ಇನ್ನೊಂದಕ್ಕಿಂತ ಬಿಗಿಯಾಗಿರಬಹುದು, ಒಂದು ಟೈರಿನಲ್ಲಿ ಗಾಳಿ ಕಡಿಮೆ ಇರಬಹುದು. ಮುಂದಿನ ಚಕ್ರಗಳು ಒಳಮುಖವಾಗಿದ್ದರೆ ಇನ್ನೂ ಕೆಟ್ಟದು. ವಿಮಾನ ಸುತ್ತಲು ಹೊರಟಾಗ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ, ಆ ಚಕ್ರ ಸುತ್ತಿನ ಒಳಗೇ ಮುಖ ಮಾಡಿರುವುದರಿಂದ ಸುತ್ತನ್ನು ಹೆಚ್ಚಿಸುತ್ತದೆ. ಈ ವಿಮಾನಕ್ಕೇ ಎಡಕ್ಕೆ ಎಳೆಯುವ ಚಾಳಿ ಎಂದು ಕ್ಲಬ್ಬಿನಲ್ಲಿ ಯಾರಾದರೂ ಹೇಳಿದರೆ ವಿಮಾನದ ಗುಣವನ್ನು ಬೈಯುವ ಮೊದಲು ಅಳತೆಪಟ್ಟಿ ಹಿಡಿದು ಕೆಳಗೆ ಬಗ್ಗಿ ನೋಡುವುದು ಮೇಲು.

ಪೂರ್ತಿ ನಿಂತರೆ ಮಾತ್ರ ಲೆಕ್ಕ

ಅಮೆರಿಕದ ವಾಯುಯಾನ ನಿಯಮಗಳಲ್ಲಿ ಒಂದು ಸಣ್ಣ ಪದ ಈ ವಿಷಯವನ್ನೆಲ್ಲ ಹಿಡಿದಿಟ್ಟಿದೆ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಪೈಲಟ್ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು. ಮೂಗುಚಕ್ರದ ವಿಮಾನವಾದರೆ ಹಗಲಿನಲ್ಲಿ ನೆಲ ಮುಟ್ಟಿ ಓಡುತ್ತಲೇ ಮತ್ತೆ ಏರಿದರೂ ಅದು ಲೆಕ್ಕಕ್ಕೆ ಬರುತ್ತದೆ. ಬಾಲಚಕ್ರವಾದರೆ ಬರುವುದಿಲ್ಲ, ಪ್ರತಿ ಸಲವೂ ಪೂರ್ತಿ ನಿಲ್ಲಬೇಕು. ನಿಯಮ ಬರೆದವರಿಗೆ ಗೊತ್ತಿತ್ತು: ಮುಟ್ಟುವುದು ಪರೀಕ್ಷೆಯ ಮೊದಲರ್ಧ, ಓಟ ನಿಧಾನವಾಗಿ ನಿಲ್ಲುವವರೆಗಿನದು ಉಳಿದರ್ಧ. ಮುಟ್ಟಿ ಏರಿಬಿಟ್ಟರೆ ಆ ಉಳಿದರ್ಧವನ್ನು ಯಾರೂ ಬರೆಯುವುದೇ ಇಲ್ಲ.

ಅದೇ ದೇಶದಲ್ಲಿ ಬಾಲಚಕ್ರದ ವಿಮಾನವನ್ನು ಸ್ವತಃ ಹಾರಿಸಲು ತರಬೇತುದಾರರ ಸಹಿ ಬೇಕು. 1991ರ ಏಪ್ರಿಲ್ 15ಕ್ಕೆ ಮೊದಲೇ ಇಂಥ ವಿಮಾನ ನಡೆಸಿದ ದಾಖಲೆ ಇದ್ದವರಿಗೆ ಮಾತ್ರ ವಿನಾಯಿತಿ. ಸಹಿ ಹಾಕುವ ಮುನ್ನ ಕಲಿಸಬೇಕಾದವು: ಸಾಮಾನ್ಯ ಮತ್ತು ಅಡ್ಡಗಾಳಿಯ ಏರಿಳಿತ, ತಯಾರಕರು ಬೇಡವೆನ್ನದಿದ್ದರೆ ಎರಡು ಚಕ್ರದ ಇಳಿತ, ಇಳಿಯುವುದನ್ನು ಕೈಬಿಟ್ಟು ಮೇಲೆ ಹೋಗುವುದು. ಇಷ್ಟೇ ಗಂಟೆ ಆಗಬೇಕೆಂದು ಇಲ್ಲ. ಕಾಲು ಕಲಿಯಲು ತೆಗೆದುಕೊಳ್ಳುವ ಸಮಯ ಒಬ್ಬೊಬ್ಬರಿಗೆ ಒಂದೊಂದು.

ಮತ್ತೆ ನಮ್ಮ ಕಬ್‌ಗೆ. ಎಡಗಾಳಿಯಲ್ಲಿ ಇಳಿದೆವು, ಕಾಲು ಕುಣಿಸಿದೆವು, ನಡಿಗೆಯ ವೇಗಕ್ಕೆ ಬಂದೆವು. ಈಗ ರನ್‌ವೇ ಬಿಟ್ಟು ಶೆಡ್ಡಿನ ಕಡೆ ತಿರುಗಬೇಕು, ಮೂಗು ಮುಂದಿನದನ್ನು ಮುಚ್ಚಿರುವುದರಿಂದ ಹಾವಿನಂತೆ ಎಡಬಲ ಹೊರಳುತ್ತ ನೋಡಿಕೊಂಡು ಹೋಗಬೇಕು. ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬಂತು. ಇಲ್ಲಿಯವರೆಗೆ ಹೊಟ್ಟೆಗೆ ಒತ್ತಿ ಹಿಡಿದಿದ್ದ ಸ್ಟಿಕ್ಕನ್ನು ಈಗಲೂ ಹಾಗೇ ಹಿಡಿದಿದ್ದರೆ ಹಿಂದಿನಿಂದ ಬರುವ ಗಾಳಿ ಮೇಲೆದ್ದಿರುವ ಎಲಿವೇಟರಿನ, ಅಂದರೆ ಬಾಲದಲ್ಲಿ ಮೇಲೆ ಕೆಳಗೆ ಆಡುವ ಹಲಗೆಯ, ಅಡಿಗೆ ನುಗ್ಗಿ ಬಾಲವನ್ನು ಎತ್ತುತ್ತದೆ. ಗಾಳಿ ಜೋರಾಗಿದ್ದಾಗ ಕೊಂಚ ಬ್ರೇಕ್ ಒತ್ತಿದರೆ ಸಾಕು, ನಡಿಗೆಯ ವೇಗದಲ್ಲೇ ವಿಮಾನ ಮೂಗು ಕುಟ್ಟುತ್ತದೆ. ಸ್ಟಿಕ್ ಈಗ ಮುಂದಕ್ಕೆ, ಗಾಳಿ ಬರುವ ಕಡೆಯಿಂದ ಆಚೆಗೆ. ಶೆಡ್ಡಿನ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ಎರಡೂ ರೆಕ್ಕೆಗೆ ಒಂದೊಂದು, ಬಾಲಕ್ಕೆ ಒಂದು ಹಗ್ಗ ಬಿಗಿದ ಮೇಲೆ ಕಾಲಿಗೆ ವಿಶ್ರಾಂತಿ.